ಹದಿನಾಲ್ಕನೇ ಸಂಪುಟದ ಚುಕ್ಕಿಗಳು

ನಮ್ಮ ವಿಶ್ವವಿದ್ಯಾಲಯದ ವಿಜ್ಞಾನ ಗ್ರಂಥಾಲಯದ ಕೌಂಟರಿಗೆ ನಾನು ಗುಮಾಸ್ತನಾಗಿ ವರ್ಗವಾಗಿ ಬಂದ ದಿನ, ಎರಡನೇ ಮಹಡಿಯ ಅಟೆಂಡರ್ ನನಗೆ ಹೇಳಿದ ಮೊದಲ ಮಾತು ಇದು: “ನನ್ನನ್ನ ‘ನೀವು’ ಅನ್ನಬೇಡಪ್ಪ. ಹಾಗಂದ್ರೆ ನನ್ನ ಬೆನ್ನ ಹಿಂದೆ ಯಾರೋ ದೊಡ್ಡವರು ನಿಂತಿದ್ದಾರೇನೋ ಅಂತ ತಿರುಗಿ ನೋಡ್ತೀನಿ.”

ಅವತ್ತಿನಿಂದ ಅವಳು ನನಗೆ ಅಕ್ಕ. ನನಗೊಬ್ಬನಿಗೇ ಅಲ್ಲ, ಕಾವಲುಗಾರನಿಂದ ಹಿಡಿದು ಲೈಬ್ರೇರಿಯನ್ ಸಾಹೇಬರವರೆಗೆ ಎಲ್ಲರಿಗೂ ಅಕ್ಕನೇ. ಐವತ್ತು ದಾಟಿದ, ಗಿಡ್ಡ ಮೈಕಟ್ಟಿನ, ಬಲಮಂಡಿ ನೋಯುವ ಹೆಂಗಸು. ಹತ್ತನೇ ತರಗತಿಯವರೆಗೆ ಓದಿದ್ದಳು. ಗಂಡನಿಗೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ತಕ್ಕಡಿ ರಿಪೇರಿ ಮಾಡುವ ಸಣ್ಣ ಅಂಗಡಿ.

ಎರಡನೇ ಮಹಡಿ ತುಂಬ ಇದ್ದದ್ದು ಜರ್ನಲ್‌ಗಳು. ವಿಜ್ಞಾನಿಗಳು ತಾವು ಕಂಡುಕೊಂಡದ್ದನ್ನು ಬರೆದು ಪ್ರಕಟಿಸುವ ಪತ್ರಿಕೆಗಳು. ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಹೊಲಿದು ರಟ್ಟು ಹಾಕಿದರೆ ಒಂದು ಸಂಪುಟ. ಕೆಲವು ಅಂಗೈಯಲ್ಲಿ ಹಿಡಿಯುವಷ್ಟು ತೆಳು, ಕೆಲವು ಇಟ್ಟಿಗೆಯ ಹಾಗೆ. ಅವನ್ನು ಮನೆಗೆ ಕೊಡುವ ಪದ್ಧತಿ ಇರಲಿಲ್ಲ. ಅಲ್ಲೇ ಕೂತು ಓದಬೇಕು. ಓದಿದವರು ಬಹುಪಾಲು ಮೇಜಿನ ಮೇಲೆಯೇ ಬಿಟ್ಟು ಹೋಗುತ್ತಿದ್ದರು. ಅಕ್ಕ ಬೆಳಿಗ್ಗೆ ಎಂಟಕ್ಕೆ ಬಂದು, ಹಿಂದಿನ ದಿನ ಬಿಟ್ಟು ಹೋದದ್ದನ್ನೆಲ್ಲ ಗಾಡಿಗೆ ಹೇರಿಕೊಂಡು ಅದರದರ ಜಾಗಕ್ಕೆ ಸೇರಿಸುವಳು. ಸಂಜೆ ನಾಲ್ಕಕ್ಕೆ ಅವಳ ಪಾಳಿ ಮುಗಿಯುತ್ತಿತ್ತು. ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿರುತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಅವಳಿಗೊಂದು ಅನುಮಾನ ಹುಟ್ಟಿತಂತೆ. ಇಷ್ಟೊಂದು ಕಾಗದವನ್ನು ಯಾರಾದರೂ ಓದುತ್ತಾರೆಯೇ? ಆಗಿದ್ದ ಬೈಂಡರ್ ಮುದುಕನನ್ನು ಕೇಳಿದಳು. “ಓದ್ತಾರೋ ಬಿಡ್ತಾರೋ, ನನ್ನ ಹೊಲಿಗೆ ಬಿಚ್ಚದಿದ್ರೆ ಸಾಕು” ಎಂದ ಆತ. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಪ್ರತಿ ಸಂಪುಟದ ಕೊನೆಯ ರಟ್ಟಿನ ಒಳಗೆ, ತಾರೀಖು ಒತ್ತುವುದಕ್ಕೆಂದು ಒಂದು ಚೀಟಿ ಅಂಟಿಸಿರುತ್ತಿದ್ದರು. ಪುಸ್ತಕ ಹೊರಗೆ ಹೋಗದ ಮೇಲೆ ತಾರೀಖು ಎಲ್ಲಿಂದ ಬರಬೇಕು? ಚೀಟಿ ಖಾಲಿ ಬಿದ್ದಿರುತ್ತಿತ್ತು. ಅಕ್ಕ ಮೇಜಿನಿಂದ ಸಂಪುಟ ಎತ್ತಿದಾಗಲೆಲ್ಲ ಆ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡತೊಡಗಿದಳು. ಇಪ್ಪತ್ತಾರು ವರ್ಷ ಇಟ್ಟಳು. ಯಾರೂ ಹೇಳಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ನನಗೇ ಅದು ಗೊತ್ತಾದದ್ದು ಜರ್ನಲ್‌ಗಳನ್ನು ನಿಲ್ಲಿಸುವ ಪಟ್ಟಿ ಬಂದ ದಿನ.

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು. ಪ್ರತಿ ವಿಭಾಗದ ಸಂಶೋಧನೆಯನ್ನೂ ಅಳೆಯಬೇಕು, ಎಷ್ಟು ಪ್ರಬಂಧ ಬಂದಿದೆ, ಅದನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂದು ಲೆಕ್ಕ ಕೊಡಬೇಕು, ಆ ಲೆಕ್ಕದ ಆಧಾರದ ಮೇಲೆಯೇ ಗ್ರಂಥಾಲಯದ ಜರ್ನಲ್‌ಗಳನ್ನೂ ಕಡಿಮೆ ಮಾಡಬೇಕು. ಇದಕ್ಕೊಂದು ಮೌಲ್ಯಮಾಪನ ಸಮಿತಿ ಆಯಿತು. ರಸಾಯನಶಾಸ್ತ್ರದ ಹಿರಿಯ ಪ್ರಾಧ್ಯಾಪಕರು ಅಧ್ಯಕ್ಷರು. ನಮ್ಮ ಅಧ್ಯಾಪಕರು ತಮ್ಮ ಪ್ರಬಂಧಗಳಲ್ಲಿ ಯಾವ ಯಾವ ಜರ್ನಲ್‌ಗಳನ್ನು ಎಷ್ಟು ಸಲ ಹೆಸರಿಸಿದ್ದಾರೆ ಎಂದು ಕಂಪ್ಯೂಟರ್ ಕೇಂದ್ರದವರು ಎಣಿಸಿ, ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಮಡಿಕೆ ಕಾಗದದಲ್ಲಿ ಅಚ್ಚು ಹಾಕಿ ಕಳಿಸಿದರು. ನಮ್ಮಲ್ಲಿ ಬರುತ್ತಿದ್ದ ಮುನ್ನೂರ ಹತ್ತು ಜರ್ನಲ್‌ಗಳಲ್ಲಿ ನೂರ ನಲವತ್ತರ ಮುಂದೆ ಸೊನ್ನೆಯೋ, ಒಂದೋ, ಎರಡೋ ಇತ್ತು. ಅವಕ್ಕೆಲ್ಲ ಕೆಂಪು ಗೀಟು.

ಕಾಗದ ಕೌಂಟರಿನ ಮೇಲಿಂದ ನೆಲದವರೆಗೆ ಇಳಿಬಿದ್ದಿತ್ತು. ಅಕ್ಕ ಗಾಡಿ ನಿಲ್ಲಿಸಿ, ಬಗ್ಗಿ, ಹೆಸರುಗಳ ಮೇಲೆ ಬೆರಳಾಡಿಸುತ್ತ ಬಂದಳು. ಒಂದು ಕಡೆ ಬೆರಳು ನಿಂತಿತು.

“ಇದ್ಯಾಕೆ ಸೊನ್ನೆ? ಬಸವನಹುಳದ್ದು?”

ಅದು ಸಿಹಿನೀರಿನ ಬಸವನಹುಳುಗಳ ಬಗ್ಗೆ ಬರುತ್ತಿದ್ದ ಜರ್ನಲ್. ಅದನ್ನು ತರಿಸಿದ್ದ ಪ್ರಾಧ್ಯಾಪಕರು ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು.

“ನಮ್ಮೋರು ಯಾರೂ ಅದನ್ನ ಉಲ್ಲೇಖ ಮಾಡಿಲ್ಲ ಅಂತ ಅರ್ಥ ಅಕ್ಕ. ಪ್ರಬಂಧದ ಕೊನೇಲಿ ಇಂಥಿಂಥ ಕಡೆಯಿಂದ ತಗೊಂಡ್ವಿ ಅಂತ ಪಟ್ಟಿ ಕೊಡ್ತಾರಲ್ಲ, ಅದು.”

“ಉಲ್ಲೇಖ ಮಾಡದಿದ್ರೆ ಏನಂತೆ, ಓದ್ತಾರಲ್ಲ. ಹೋದ ವಾರ ಕೂಡ ಎತ್ತಿಟ್ಟಿದೀನಿ.”

“ಯಾರು ಓದೋದು?”

“ಅದು ಗೊತ್ತಿಲ್ಲ. ಬೆಳಿಗ್ಗೆ ಬರೋಷ್ಟರಲ್ಲಿ ಮೇಜಿನ ಮೇಲಿರುತ್ತೆ.” ಅಷ್ಟಕ್ಕೇ ಬಿಡದೆ ಮೇಲೆ ಹೋಗಿ ಎರಡು ಸಂಪುಟ ತಂದು, ಹಿಂದಿನ ರಟ್ಟು ತೆರೆದು ನನ್ನ ಮುಂದೆ ಹಿಡಿದಳು. ಚೀಟಿಯ ತುಂಬ ಇರುವೆ ಸಾಲಿನ ಹಾಗೆ ಚುಕ್ಕಿಗಳು.

ಆ ಹೊತ್ತಿಗೆ ಕೌಂಟರಿನ ಹತ್ತಿರ ಸಂಖ್ಯಾಶಾಸ್ತ್ರದ ಮೇಡಂ ನಿಂತಿದ್ದರು. ಅವರೂ ಸಮಿತಿಯ ಸದಸ್ಯೆ. ಮಾತು ಕಡಿಮೆ, ಯಾವಾಗಲೂ ಕನ್ನಡಕ ತಲೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುವವರು. ಅವರು ಸಂಪುಟ ಕೈಗೆ ತೆಗೆದುಕೊಂಡು ಚುಕ್ಕಿಗಳನ್ನು ನೋಡಿದರು.

“ಇದು ಎಷ್ಟು ವರ್ಷದ್ದು?”

“ಇಪ್ಪತ್ತಾರು ವರ್ಷದ್ದು ಮೇಡಂ. ಮೊದಲನೇ ತಿಂಗಳು ಇಟ್ಟಿಲ್ಲ.”

“ಎಲ್ಲ ಸಂಪುಟದಲ್ಲೂ ಇದೆಯಾ?”

“ಎತ್ತಿದ್ದರಲ್ಲೆಲ್ಲ ಇದೆ.”

ಮೇಡಂ ಸಂಪುಟವನ್ನು ಕೌಂಟರಿನ ಮೇಲಿಟ್ಟರು. ನೇರವಾಗಿ ಮೆಟ್ಟಿಲು ಹತ್ತಿದರು. ನಾನು ಕೌಂಟರಿನಲ್ಲಿ ಎರಡು ಗಂಟೆ ಕಾದೆ, ಇಳಿದು ಬರಲಿಲ್ಲ. ಲೈಬ್ರೇರಿಯನ್ ಸಾಹೇಬರು ಟೀ ಕುಡಿಯುತ್ತ, “ಇರೋ ಲೆಕ್ಕಾನೇ ತಲೆ ತಿಂತಾ ಇದೆ, ಇನ್ನು ಇವಳ ಚುಕ್ಕಿ ಬೇರೆ” ಎಂದು ಗೊಣಗಿದರು.

ಮೂರು ದಿನ ಮೇಡಂ, ಅಕ್ಕ, ನಾನು ಮೂವರೂ ಕೂತು ಚುಕ್ಕಿ ಎಣಿಸಿದೆವು. ಅಕ್ಕ ಸಂಪುಟ ತೆರೆದು ಹಿಡಿಯುವಳು, ಮೇಡಂ ಎಣಿಸುವರು, ನಾನು ಬರೆದುಕೊಳ್ಳುವೆ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ ಬಹುಪಾಲು ಎರಡೂ ಒಂದೇ ಮಾತು ಹೇಳುತ್ತಿದ್ದವು. ಬಹಳ ಉಲ್ಲೇಖವಾದದ್ದು ಬಹಳ ಓದಿಸಿಕೊಂಡೂ ಇತ್ತು. ಆದರೆ ಕೆಂಪು ಗೀಟು ಬಿದ್ದ ನೂರ ನಲವತ್ತರಲ್ಲಿ ಮೂವತ್ತರಷ್ಟು ಪಟ್ಟಿಗೆ ಸೊಪ್ಪು ಹಾಕಿರಲಿಲ್ಲ. ಯಾರೂ ಉಲ್ಲೇಖಿಸದಿದ್ದರೂ ಮೈತುಂಬ ಚುಕ್ಕಿ. ಬಸವನಹುಳುವಿನ ಜರ್ನಲಿಗೆ ನಾನೂರಕ್ಕೂ ಹೆಚ್ಚು. ಒಂದೊಂದೇ ಸಂಪುಟ ನೋಡಿದರೆ ಎಲ್ಲಕ್ಕಿಂತ ಮುಂದೆ ಇದ್ದದ್ದು ಶಾಖ ಹರಿಯುವ ಬಗೆಯನ್ನು ಕುರಿತ ಒಂದು ಜರ್ನಲ್. ಅದರ ಹದಿನಾಲ್ಕನೇ ಸಂಪುಟ ಒಂದರಲ್ಲೇ ಇನ್ನೂರ ಹನ್ನೊಂದು ಚುಕ್ಕಿ. ಚೀಟಿ ತುಂಬಿ ರಟ್ಟಿನ ಮೇಲಕ್ಕೂ ಹರಿದಿತ್ತು.

ಅಕ್ಕನ ಮುಖ ಅರಳಿತು. “ನೋಡಿ ಮೇಡಂ, ಇದನ್ನೂ ನಿಲ್ಲಿಸ್ತಾ ಇದ್ರು.”

ಮೇಡಂ ಹದಿಮೂರನೇ ಸಂಪುಟ ತೆಗೆದರು. ಮೂರು ಚುಕ್ಕಿ. ಹದಿನೈದರಲ್ಲಿ ಐದು.

“ಒಂದೇ ಸಂಪುಟವನ್ನ ಇಷ್ಟೊಂದು ಓದ್ತಾರೆ ಅಂದ್ರೆ ಅದರಲ್ಲಿ ಅಂಥದ್ದೇನೋ ಇರಬೇಕು” ಎಂದರು. ಪುಟ ತಿರುವಿದರು. “ನನಗೇನೂ ಕಾಣ್ತಾ ಇಲ್ಲ. ಆದ್ರೆ ಇದು ನನ್ನ ವಿಷಯ ಅಲ್ಲ.” ಸಂಪುಟ ಮುಚ್ಚಿ ಮತ್ತೆ ಹೇಳಿದರು: “ನೀವು ಚುಕ್ಕಿ ಇಡೋದು ಮೇಜಿನ ಮೇಲೆ ಸಿಕ್ಕಿದ್ದಕ್ಕೆ. ಓದಿದ್ದಕ್ಕೆ ಅಲ್ಲ. ಎರಡರ ನಡುವೆ ಎಷ್ಟು ಅಂತರ ಇದೆ ಅಂತ ನಮಗೆ ಗೊತ್ತಿಲ್ಲ. ಓದಿ ತಾವೇ ವಾಪಸ್ ಇಟ್ಟು ಹೋಗೋ ಒಳ್ಳೆಯವರಂತೂ ನಿಮ್ಮ ಲೆಕ್ಕಕ್ಕೇ ಬರೋದಿಲ್ಲ.”

ಬೇರೆಯವರಾಗಿದ್ದರೆ ಬೇಸರ ಮಾಡಿಕೊಳ್ಳುತ್ತಿದ್ದರೇನೋ. ಅಕ್ಕ ಗೋಡೆಯ ಮೇಲಿನ ಫಲಕ ನೋಡಿದಳು. ‘ಓದಿದ ಸಂಪುಟವನ್ನು ಅದರ ಜಾಗದಲ್ಲಿಯೇ ಇಡಿ’ ಎಂದು ಅದರ ಮೇಲಿತ್ತು. “ಹೌದಲ್ವಾ” ಎಂದಳು. “ಇದು ನನಗೆ ಹೊಳೆದೇ ಇರಲಿಲ್ಲ.”

ಸಮಿತಿಯ ಸಭೆಗೆ ಮೂರು ವಾರವಿತ್ತು. ಮೊದಲು ಬಸವನಹುಳು ಓದುವವರು ಯಾರು, ಹದಿನಾಲ್ಕನೇ ಸಂಪುಟ ಓದುವವರು ಯಾರು ಎಂದು ನೋಡಿಬಿಡೋಣ ಎಂದುಕೊಂಡಳು ಅಕ್ಕ. ಬಸವನಹುಳು ಸಿಗುತ್ತಿದ್ದದ್ದು ಯಾವಾಗಲೂ ಶುಕ್ರವಾರ ಬೆಳಿಗ್ಗೆ. ಹಾಗಾಗಿ ಗುರುವಾರ ಪಾಳಿ ಮುಗಿದ ಮೇಲೆ ಮನೆಗೆ ಹೋಗದೆ, ಪಶ್ಚಿಮದ ಕಿಟಕಿಗಳ ಎದುರಿನ ಮೇಜಿನಲ್ಲಿ ಹರಿದ ಪುಟಗಳಿಗೆ ತೇಪೆ ಹಚ್ಚುವ ನೆಪ ಮಾಡಿಕೊಂಡು ಕೂತಳು.

ಐದೂವರೆಗೆ ಒಬ್ಬ ನಡುವಯಸ್ಸಿನ ಮನುಷ್ಯ ಬಂದ. ಬೂಟಿಗೆ ಒಣಗಿದ ಕೆಸರು, ತೋಳಿನಲ್ಲಿ ಸಂದರ್ಶಕರ ಚೀಟಿ ಸಿಕ್ಕಿಸಿದ ಚೀಲ. ಸೀದಾ ಬಸವನಹುಳುವಿನ ಕಪಾಟಿಗೆ ಹೋಗಿ ಮೂರು ಸಂಪುಟ ತಂದ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಅದರೊಳಗಿಂದ ಕಾಳಿನಷ್ಟು ಪುಟ್ಟ ಚಿಪ್ಪುಗಳನ್ನು ಕರವಸ್ತ್ರದ ಮೇಲೆ ಸುರಿದುಕೊಂಡು, ಚಿತ್ರಗಳ ಜೊತೆ ಹೋಲಿಸತೊಡಗಿದ. ಅಕ್ಕನಿಗೆ ತಡೆಯಲಾಗಲಿಲ್ಲ. ಎದ್ದು ಹೋದಳು.

“ಸ್ವಾಮಿ, ನೀವು ಇಲ್ಲಿ ಪಾಠ ಮಾಡ್ತೀರಾ?”

“ಇಲ್ಲಮ್ಮ. ನಾನು ದನದ ಡಾಕ್ಟ್ರು. ಊರಾಚೆ ಪಶು ಆಸ್ಪತ್ರೇಲಿದೀನಿ.”

“ದನದ ಡಾಕ್ಟ್ರಿಗೆ ಬಸವನಹುಳ ಯಾಕೆ?”

ಆತ ಕುರ್ಚಿ ಎಳೆದು ಅವಳನ್ನು ಕೂರಿಸಿದ. “ಕುರಿಗಳ ಪಿತ್ತಕೋಶದ ಹತ್ತಿರ ಒಂದು ಚಪ್ಪಟೆ ಹುಳ ಸೇರ್ಕೊಳ್ಳುತ್ತೆ. ಕುರಿ ಸೊರಗಿ ಸತ್ತೇಹೋಗುತ್ತೆ. ಆ ಹುಳ ಮರಿಯಾಗಿರುವಾಗ ಬೆಳೆಯೋದು ಹೊಂಡದ ಬಸವನಹುಳದೊಳಗೆ. ಆದ್ರೆ ಎಲ್ಲ ಬಸವನಹುಳದಲ್ಲೂ ಅಲ್ಲ, ಕೆಲವು ಜಾತೀಲಿ ಮಾತ್ರ. ಯಾವ ಹೊಂಡದಲ್ಲಿ ಯಾವುದಿದೆ ಅಂತ ಗೊತ್ತಾದ್ರೆ, ಆ ಕಡೆ ಕುರಿ ಬಿಡಬೇಡಿ ಅಂತ ಹೇಳಬಹುದು. ಹುಳ ಸೇರಿದ ಮೇಲೆ ಔಷಧಿ ಕುಡಿಸೋದಕ್ಕಿಂತ ಅದು ಸುಲಭ.”

“ಎಷ್ಟು ವರ್ಷದಿಂದ ಬರ್ತಾ ಇದೀರಿ?”

“ಏಳು.”

“ಇದನ್ನೆಲ್ಲ ನೀವು ಬರೆದಿಲ್ವಾ? ಪ್ರಬಂಧ ಅಂತ?”

“ಬರೆಯೋಕೆ ಪುರುಸೊತ್ತೆಲ್ಲಿ? ನಾನು ಬರೆಯೋದು ಔಷಧಿ ಚೀಟಿ ಒಂದೇ. ಅದನ್ನೂ ಔಷಧಿ ಅಂಗಡಿಯೋರು ಓದೋಕಾಗಲ್ಲ ಅಂತಾರೆ.”

ಅಕ್ಕ ನಗುತ್ತಾ ಇರುವಾಗಲೇ ಪಶ್ಚಿಮದ ಕಿಟಕಿಗಳಿಂದ ಇಳಿಬಿಸಿಲು ಒಳಕ್ಕೆ ನುಗ್ಗಿತು. ಕಿಟಕಿಯ ಪಕ್ಕ ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು, ಕಣ್ಣೆತ್ತಿಯೂ ನೋಡದೆ ಪಕ್ಕದ ಕಪಾಟಿನಿಂದ ಒಂದು ದಪ್ಪ ಸಂಪುಟ ಎಳೆದಳು. ಮೇಲಕ್ಕೆತ್ತಿ ತೆರೆಯುವ ಹಳೆಯ ಕಿಟಕಿ ಅದು. ಕೊಂಡಿ ಮುರಿದಿದ್ದರಿಂದ ಎತ್ತಿದರೆ ತಾನಾಗಿ ನಿಲ್ಲುತ್ತಿರಲಿಲ್ಲ. ಹುಡುಗಿ ಒಂದು ಕೈಯಲ್ಲಿ ಕಿಟಕಿ ಎತ್ತಿ, ಇನ್ನೊಂದು ಕೈಯಲ್ಲಿ ಸಂಪುಟವನ್ನು ಅಡಿಗೆ ನಿಲ್ಲಿಸಿದಳು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತುಕೊಂಡಿತು. ಗಾಳಿ ಬಂತು.

ಅಕ್ಕ ಹತ್ತಿರ ಹೋಗಿ ಬೆನ್ನಿನ ಅಂಕಿ ಓದಿದಳು. ಹದಿನಾಲ್ಕು.

“ಇದನ್ನೇ ಯಾಕಮ್ಮ ಇಡ್ತೀಯ?”

“ಎಲ್ರೂ ಇದನ್ನೇ ಇಡೋದು. ಹದಿಮೂರು ಇಟ್ರೆ ಗಾಳಿ ಸಾಲಲ್ಲ, ಹದಿನೈದು ಜಾರುತ್ತೆ” ಎಂದಳು ಹುಡುಗಿ.

ಎಂಟಕ್ಕೆ ಕಾವಲುಗಾರ ಬಂದು ಕಿಟಕಿ ಇಳಿಸಿದ. ಸಂಪುಟವನ್ನು ಹತ್ತಿರದ ಮೇಜಿನ ಮೇಲೆ ಎಸೆದು ಮುಂದಿನ ಕಿಟಕಿಗೆ ಹೋದ. ಮರುದಿನ ಬೆಳಿಗ್ಗೆ ಅಕ್ಕ ಅದನ್ನು ಎತ್ತಿ ಚುಕ್ಕಿ ಇಡಬೇಕಾದದ್ದು ಅಲ್ಲಿಂದಲೇ.

ಆ ರಾತ್ರಿ ಅವಳು ಮನೆಗೆ ಹೋಗದೆ ಗಂಡನ ಅಂಗಡಿಗೇ ಹೋದಳಂತೆ. ಅಲ್ಲಿ ನಡೆದ ಮಾತನ್ನು ಅವಳೇ ನನಗೆ ಹೇಳಿದ್ದು. ಗಂಡ ತಕ್ಕಡಿಯೊಂದರ ಮುಳ್ಳು ಬಿಚ್ಚಿಕೊಂಡು ಕೂತಿದ್ದ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಹೇಳುವುದನ್ನೆಲ್ಲ ಕೈ ನಿಲ್ಲಿಸದೆ ಕೇಳುವುದು ಆತನ ಅಭ್ಯಾಸ. ಕಿಟಕಿಯ ಕತೆ ಕೇಳಿ ಮಾತ್ರ ಸ್ಕ್ರೂಡ್ರೈವರ್ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ.

“ನಗಬೇಡಿ. ನಾನೇನು ಮಾಡ್ಲಿ ಹೇಳಿ. ಹದಿನಾಲ್ಕನೇದರ ಸುದ್ದಿ ಎತ್ತದೆ ಉಳಿದದ್ದು ಹೇಳಿಬಿಡ್ಲಾ? ಇದನ್ನ ಹೇಳಿದ್ರೆ ಬಸವನಹುಳದ್ದೂ ಸುಳ್ಳು ಅಂತಾರೆ.”

“ಹೇಳದೆ ಇರಬಹುದು. ಆಮೇಲೆ ಬೇಸಿಗೇಲಿ ಅಧ್ಯಕ್ಷರೇ ಬಂದು ಆ ಕಿಟಕಿ ಪಕ್ಕ ಕೂತ್ರೆ?”

ಅಕ್ಕ ಆತ ಬಿಚ್ಚಿಟ್ಟಿದ್ದ ಮುಳ್ಳನ್ನು ಕೈಗೆತ್ತಿಕೊಂಡು ತಿರುಗಿಸಿದಳು.

“ನೋಡೇ, ನನ್ನ ಹತ್ರ ತಕ್ಕಡಿ ತರೋರೆಲ್ಲ ‘ಸರಿ ಇದೆ’ ಅನ್ನಿಸ್ಕೊಂಡು ಹೋಗೋಕೆ ಬರ್ತಾರೆ. ‘ಎಷ್ಟು ತಪ್ಪಿದೆ’ ಅಂತ ಕೇಳೋರು ಅಪರೂಪ. ತಪ್ಪೇ ಇಲ್ಲದ ತಕ್ಕಡಿ ನಾನು ಇವತ್ತಿನವರೆಗೂ ಕಂಡಿಲ್ಲ. ಎಷ್ಟು ತಪ್ಪಿದೆ ಅಂತ ಗೊತ್ತಾಗಿಬಿಟ್ರೆ ಅದರಲ್ಲೇ ಇನ್ನೂ ತೂಗಬಹುದು.”

ಮಾರನೇ ದಿನ ಅವಳು ಸಂಜೆ ಪಾಳಿಯ ಅಟೆಂಡರ್ ಜೊತೆ ಹತ್ತು ದಿನಕ್ಕೆ ಪಾಳಿ ಬದಲಿಸಿಕೊಂಡಳು. ಮಧ್ಯಾಹ್ನದಿಂದ ಮುಚ್ಚುವವರೆಗೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಯಾರು ಯಾವ ಸಂಪುಟ ತೆಗೆದರು, ತೆಗೆದು ಏನು ಮಾಡಿದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಳು. ಆ ನೋಟ್‌ಬುಕ್ಕನ್ನು ನಾನು ನೋಡಿದ್ದೇನೆ. ‘ಓದಿದರು’, ‘ಓದಿದರು’, ‘ಚಿತ್ರ ಮಾತ್ರ ನೋಡಿದರು’, ‘ತಲೆದಿಂಬು ಮಾಡಿಕೊಂಡು ಮಲಗಿದ, ಎಬ್ಬಿಸಲಿಲ್ಲ, ಪರೀಕ್ಷೆ ಇರಬೇಕು’, ‘ಕಿಟಕಿ’, ‘ಓದಿದರು’, ‘ಇಬ್ಬರು ಒಂದೇ ಸಂಪುಟವನ್ನು ಅಡ್ಡ ಹಿಡಿದು ಒಂದು ಗಂಟೆ ಮಾತಾಡಿದರು, ಪುಟ ತಿರುಗಲಿಲ್ಲ’. ಮೇಜಿನ ಮೇಲೆ ಉಳಿದ ಸಂಪುಟಗಳು ಒಟ್ಟು ಇನ್ನೂರ ನಲವತ್ತು. ಅದರಲ್ಲಿ ಓದಿಗಲ್ಲದೆ ಬೇರೆ ಕೆಲಸಕ್ಕೆ ಬಳಸಿದ್ದು ಇಪ್ಪತ್ತಮೂರು. ತಾವೇ ವಾಪಸ್ ಇಟ್ಟ ಸಂಭಾವಿತರು ಅರವತ್ತೊಂದು ಸಲ.

ಸಭೆಗೆ ಅವಳನ್ನು ಕರೆಸಬೇಕೆಂದು ಮೇಡಂ ಪಟ್ಟು ಹಿಡಿದರು. ಪಟ್ಟಿಗಳನ್ನು ಹೊತ್ತುಕೊಂಡು ನಾನೂ ಹೋದೆ. ಉದ್ದನೆಯ ಮೇಜು, ಸುತ್ತ ಒಂಬತ್ತು ಜನ. ಅಕ್ಕನಿಗೆ ಕೂರಲು ಹೇಳಿದರೂ ಅವಳು ನಿಂತೇ ಇದ್ದಳು.

ಮೇಡಂ ಎರಡು ಪಟ್ಟಿಗಳ ವಿಷಯ ವಿವರಿಸಿದರು. ಅಧ್ಯಕ್ಷರು ಸಹನೆಯಿಂದಲೇ ಕೇಳಿ, “ಅತಿ ಹೆಚ್ಚು ಚುಕ್ಕಿ ಯಾವ ಸಂಪುಟಕ್ಕಿದೆ?” ಎಂದರು.

ಅಕ್ಕ, “ಶಾಖದ್ದು ಸಾರ್, ಹದಿನಾಲ್ಕನೇ ಸಂಪುಟ. ಅದನ್ನ ಯಾರೂ ಓದಲ್ಲ. ಪಶ್ಚಿಮದ ಕಿಟಕಿಗೆ ಊರುಗೋಲು ಕೊಡ್ತಾರೆ” ಎಂದಳು.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು.

“ಅಂದ್ರೆ ನಮ್ಮಲ್ಲಿ ವಿದ್ಯಾರ್ಥಿಗಳಿಗಿಂತ ಕಿಟಕಿಯೇ ಹೆಚ್ಚು ಅಧ್ಯಯನ ಮಾಡ್ತಾ ಇದೆ ಅನ್ನಿ” ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಗು ಮುಗಿಯುವವರೆಗೆ ಕಾದು, ನೋಟ್‌ಬುಕ್ ಬಿಚ್ಚಿದಳು.

“ಹತ್ತು ದಿನ ಕೂತು ನೋಡಿದೆ ಸಾರ್. ನನ್ನ ಚುಕ್ಕಿ ಹತ್ತರಲ್ಲಿ ಒಂದು ಸುಳ್ಳು. ಆ ಸುಳ್ಳೂ ಎಲ್ಲ ಕಡೆ ಸಮವಾಗಿಲ್ಲ. ಕಿಟಕಿ ಪಕ್ಕದ ಕಪಾಟಲ್ಲಿ ಜಾಸ್ತಿ, ಗೋಡೆ ಕಡೆ ಇಲ್ಲವೇ ಇಲ್ಲ ಅನ್ನಬಹುದು. ಬಸವನಹುಳ ಗೋಡೆ ಕಡೆ ಇದೆ. ಅದನ್ನ ಓದೋರನ್ನ ನಾನೇ ಕಣ್ಣಾರೆ ನೋಡಿ ಮಾತಾಡಿಸಿದೀನಿ.” ದನದ ಡಾಕ್ಟರ ವಿಷಯ ಹೇಳಿದಳು. ಆಮೇಲೆ ನೋಟ್‌ಬುಕ್ ಮುಚ್ಚಿ, “ನನಗೊಂದು ಗೊತ್ತಾಗಬೇಕಿತ್ತು, ಕೇಳಬಹುದಾ?” ಎಂದಳು.

“ಕೇಳಿ.”

“ಉಲ್ಲೇಖ ಮಾಡಿದಾರೆ ಅಂದ್ರೆ ಅದನ್ನ ಓದಿದಾರೆ ಅಂತಾನಾ?”

“ಸಾಮಾನ್ಯವಾಗಿ ಹಾಗೇ.”

“ಓದದೇನೂ ಬರೀಬಹುದಾ?”

ಅವಳು ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಿತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಮೇಜಿನ ಸುತ್ತ ಕೆಲವರು ತಮ್ಮ ಮುಂದಿನ ಕಾಗದಗಳನ್ನು ಸರಿಪಡಿಸಿಕೊಳ್ಳತೊಡಗಿದರು. ಕೊನೆಗೆ ಭೌತಶಾಸ್ತ್ರದ ಮುದುಕರೊಬ್ಬರು, “ಬರೀಬಹುದಮ್ಮ. ನಾನೇ ಬರೆದಿದ್ದೀನಿ. ಇನ್ನೊಬ್ಬರ ಪಟ್ಟಿಯಿಂದ ಹಾಗೇ ಇಳಿಸಿಕೊಂಡಿದ್ದೀನಿ” ಎಂದುಬಿಟ್ಟರು.

ಆಗ ಮೇಡಂ ತಾವು ತಂದಿದ್ದ ಒಂದು ಹಳೆಯ ಸಂಪುಟವನ್ನು ಮುಂದೆ ತಳ್ಳಿದರು. ನಮ್ಮವರು ಒಂಬತ್ತು ಸಲ ಉಲ್ಲೇಖಿಸಿದ್ದ ಪ್ರಬಂಧ ಅದರಲ್ಲಿತ್ತು. ಅಂಚು ಕತ್ತರಿಸದೆ ಬರುತ್ತಿದ್ದ ಕಾಲದ ಪತ್ರಿಕೆ. ಓದುವವರು ಚಾಕುವಿನಿಂದ ಹಾಳೆ ಬಿಡಿಸಿಕೊಳ್ಳಬೇಕು. ಆ ಪ್ರಬಂಧದ ಹಾಳೆಗಳು ಇನ್ನೂ ಒಂದಕ್ಕೊಂದು ಕೂಡಿಕೊಂಡೇ ಇದ್ದವು. “ಅವರು ಬೇರೆ ಊರಲ್ಲಿ, ಬೇರೆ ಪ್ರತೀಲಿ ಓದಿರಬಹುದು. ಒಂಬತ್ತು ಜನಾನೂ ಓದಿರಬಹುದು. ನಾನು ಯಾರ ಮೇಲೂ ತಪ್ಪು ಹೊರಿಸ್ತಾ ಇಲ್ಲ. ಅಕ್ಕನ ಲೆಕ್ಕ ಹತ್ತಕ್ಕೆ ಒಂದು ತಪ್ಪು ಅಂತ ಅವರಿಗೆ ಗೊತ್ತು. ನಮ್ಮ ಲೆಕ್ಕ ಎಷ್ಟಕ್ಕೆ ಎಷ್ಟು ತಪ್ಪು ಅಂತ ನಮಗೆ ಗೊತ್ತಾ?”

ಅಧ್ಯಕ್ಷರು ಸಂಪುಟವನ್ನು ಎತ್ತಿ, ಕೂಡಿಕೊಂಡ ಹಾಳೆಗಳ ಸಂದಿನಲ್ಲಿ ಇಣುಕಿ ನೋಡಿದರು. ಅವರು ಕೆಟ್ಟವರಲ್ಲ. ಮೇಲಿನಿಂದ ಬಂದ ಸುತ್ತೋಲೆಗೆ ತಾರೀಖಿನೊಳಗೆ ಉತ್ತರ ಕೊಡಬೇಕಿತ್ತು, ಅಷ್ಟೆ. “ಗೊತ್ತಿಲ್ಲ” ಎಂದರು. ಸಂಪುಟವನ್ನು ಕೆಳಗಿಟ್ಟು, “ಗೊತ್ತು ಮಾಡ್ಕೊಳ್ಳೋದು ಹೇಗೆ?” ಎಂದು ಕೇಳಿದ್ದು ಅಕ್ಕನನ್ನು ನೋಡಿಕೊಂಡು.

ಸುತ್ತೋಲೆಯನ್ನು ಪೂರ್ತಿ ಪಕ್ಕಕ್ಕಿಡುವ ಹಾಗಿರಲಿಲ್ಲ. ನೂರ ಹತ್ತು ಜರ್ನಲ್‌ಗಳು ನಿಂತವು. ಚುಕ್ಕಿ ಇದ್ದು ಉಲ್ಲೇಖವಿಲ್ಲದ ಮೂವತ್ತನ್ನು ಒಂದು ವರ್ಷ ಕಾದು ನೋಡುವುದೆಂದು ತೀರ್ಮಾನವಾಯಿತು. ಶಾಖದ ಜರ್ನಲ್ ನಿಂತದ್ದರಲ್ಲಿ ಸೇರಿತು. ಅದಕ್ಕೆ ಅಕ್ಕ ಒಪ್ಪಿದಳು. ಬಡಗಿ ಬಂದು ಕಿಟಕಿಗೆ ಹೊಸ ಕೊಂಡಿ ಹಾಕಿದ.

ಆ ಒಂದು ವರ್ಷದ ಎಣಿಕೆಯನ್ನು ಅಕ್ಕ ಮತ್ತು ಮೇಡಂ ಸೇರಿ ನಡೆಸಿದರು. ಚುಕ್ಕಿಯ ಬದಲು ತಾರೀಖು. ಗೋಡೆಯ ಫಲಕ ತೆಗೆಸಿ, ‘ಓದಿದ ಸಂಪುಟವನ್ನು ದಯವಿಟ್ಟು ಮೇಜಿನ ಮೇಲೆಯೇ ಬಿಡಿ’ ಎಂದು ಬರೆಸಿದರು. ಲೈಬ್ರೇರಿಯನ್ ಸಾಹೇಬರಿಗೆ ಅದು ಹಿಡಿಸಲಿಲ್ಲ. ಮೂವತ್ತು ವರ್ಷ ಶಿಸ್ತು ಕಲಿಸಿದ್ದು ಒಂದು ದಿನದಲ್ಲಿ ಹೋಯಿತು ಎಂದು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದರು. ಆದರೆ ಮೂವತ್ತರಲ್ಲಿ ಹತ್ತೊಂಬತ್ತು ಉಳಿದಾಗ ಪತ್ರಕ್ಕೆ ಸಹಿ ಹಾಕಿದವರು ಅವರೇ. ಬಸವನಹುಳುವಿನದ್ದು ಉಳಿದ ಹತ್ತೊಂಬತ್ತರಲ್ಲಿತ್ತು. ದನದ ಡಾಕ್ಟರು ಹಿಂದಿನಂತೆಯೇ ಬರುತ್ತಿದ್ದರು. ನಿಮ್ಮಿಂದ ಒಂದು ಜರ್ನಲ್ ಉಳಿಯಿತು ಎಂದು ಅಕ್ಕ ಹೇಳಿದಾಗ ಅವರು ಬಹಳ ಸಂಕೋಚಪಟ್ಟುಕೊಂಡರಂತೆ.

ಮೇಡಂ ಇದನ್ನೆಲ್ಲ ನಾಲ್ಕು ಪುಟದ ಪ್ರಬಂಧವಾಗಿ ಬರೆದು ಒಂದು ಗ್ರಂಥಾಲಯ ಜರ್ನಲಿಗೆ ಕಳಿಸಿದರು. ಅಕ್ಕನ ಹೆಸರನ್ನು ತಮ್ಮ ಹೆಸರಿನ ಜೊತೆ ಲೇಖಕಿ ಎಂದೇ ಹಾಕಿದರು. ಅಕ್ಕ ಬೇಡವೆಂದಳು.

“ನಾನು ಒಂದಕ್ಷರಾನೂ ಬರೆದಿಲ್ಲ ಮೇಡಂ.”

“ನಾನು ಒಂದು ಚುಕ್ಕೀನೂ ಇಟ್ಟಿಲ್ಲ” ಎಂದರು ಮೇಡಂ.

ಪ್ರಬಂಧ ಅಚ್ಚಾದ ವರ್ಷ ಮೌಲ್ಯಮಾಪನದ ನಮೂನೆ ಮತ್ತೆ ಬಂತು. ಗ್ರಂಥಾಲಯದ ನಮೂನೆ ತುಂಬುವುದು ನನ್ನ ಕೆಲಸ. ‘ಪ್ರಕಟವಾದ ಸಂಶೋಧನಾ ಪ್ರಬಂಧಗಳು’ ಎಂಬ ಸಾಲಿನಲ್ಲಿ ಹಿಂದಿನ ಸಲ ಕಣ್ಣು ಮುಚ್ಚಿ ಸೊನ್ನೆ ಹಾಕಿದ್ದೆ. ಆ ವರ್ಷ ಒಂದು ಎಂದು ಬರೆದೆ. ಮುಂದಿನ ಕಲಮಿನಲ್ಲಿ ಲೇಖಕರ ಹುದ್ದೆಗೆ ಗುರುತು ಹಾಕಬೇಕಿತ್ತು. ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಸಂಶೋಧನಾ ವಿದ್ಯಾರ್ಥಿ, ಇತರೆ. ನಾನು ‘ಇತರೆ’ಗೆ ಗುರುತು ಹಾಕಿದೆ. ಹೀಗೆ ಒಟ್ಟು ಪಟ್ಟಿಯಲ್ಲಿ ನಮ್ಮ ಗ್ರಂಥಾಲಯ, ಆ ವರ್ಷ ಏನೂ ಪ್ರಕಟಿಸದ ಒಂದು ವಿಭಾಗಕ್ಕಿಂತ ಮೇಲೆ ಬಂದು ಕೂತಿತು. ಆ ವಿಭಾಗದವರು ಕೆಲವು ದಿನ ನನ್ನ ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡಲಿಲ್ಲ.

ಹೊರಗಿನಿಂದ ಪರಿಶೀಲನಾ ತಂಡ ಬಂದಾಗ ಅದರ ಮುಖ್ಯಸ್ಥರ ಕಣ್ಣು ಆ ‘ಇತರೆ’ಯ ಮೇಲೆ ಬಿತ್ತು. ನೆರೆತ ಕೂದಲಿನ, ಕೈಯಲ್ಲಿ ಕೋಲು ಹಿಡಿದ ದೊಡ್ಡ ವಿದ್ವಾಂಸರು ಅವರು. ಈ ಸಂಶೋಧಕರನ್ನು ನೋಡಬೇಕು ಎಂದರು. ನಾನೇ ಮೇಲಕ್ಕೆ ಕರೆದುಕೊಂಡು ಹೋದೆ. ಅಕ್ಕ ಏಣಿಯ ಮೇಲೆ ನಿಂತು ಮೇಲಿನ ಸಾಲು ಒರೆಸುತ್ತಿದ್ದಳು. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.

“ನಿಮ್ಮ ಪ್ರಬಂಧ ಓದಿದೆ” ಎಂದರು ಅವರು.

“ನಿಜವಾಗ್ಲೂ ಓದಿದ್ರಾ ಸಾರ್?”

“ಎರಡು ಸಲ.” ಮುದುಕರ ಮುಖದಲ್ಲಿ ನಗು ಇಣುಕಿತು. “ಮುಂದೆ ಏನು ಮಾಡಬೇಕು ಅಂತ ಇದೀರಿ?”

ಅವರು ಮಾತಿಗೆ ಕೇಳಿರಬಹುದು. ಅಕ್ಕನಿಗೆ ಮಾತ್ರ ಉತ್ತರ ತಯಾರಿತ್ತು, ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದದ್ದು. “ಒಂದು ತೊಡಕಿದೆ ಸಾರ್. ಕೆಲವರು ಬರ್ತಾರೆ, ಸಂಪುಟ ತೆಗೀತಾರೆ, ಎರಡು ನಿಮಿಷ ನೋಡಿ ಮುಚ್ಚಿ ಎದ್ದು ಹೋಗ್ತಾರೆ. ಅವರಿಗೆ ಬೇಕಾಗಿದ್ದು ತಕ್ಷಣ ಸಿಕ್ಕಿಬಿಡ್ತಾ, ಅಥವಾ ಸಿಗದೇ ಹೋಯ್ತಾ? ಎರಡಕ್ಕೂ ನಾನು ಹಾಕೋ ತಾರೀಖು ಒಂದೇ. ಒಬ್ಬ ಹೊಟ್ಟೆ ತುಂಬಿ ಎದ್ದ, ಇನ್ನೊಬ್ಬ ಉಪವಾಸ ಎದ್ದ. ಎಲೆ ಎಣಿಸಿದ್ರೆ ಎರಡೂ ಊಟವೇ. ಅವರ ಮುಖ ನೋಡಿದ್ರೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಒಂದು ತಿಂಗಳು ನೋಡಿದೆ, ಗೊತ್ತಾಗ್ಲಿಲ್ಲ. ಸಿಕ್ಕಿದೋರೂ ಮುಖ ಗಂಟು ಹಾಕ್ಕೊಂಡೇ ಹೋಗ್ತಾರೆ.”

“ಅವರನ್ನೇ ಕೇಳಬಹುದಲ್ಲ.”

“ಕೇಳಿದೆ ಸಾರ್. ಕೇಳಿದ್ರೆ ಎಲ್ರೂ ಸಿಕ್ತು ಅಂತಾನೇ ಹೇಳ್ತಾರೆ. ಪಾಪ, ನನಗೆ ಬೇಜಾರಾಗುತ್ತೆ ಅಂತ.”

ಮುಖ್ಯಸ್ಥರು ಕೋಲನ್ನು ಕಪಾಟಿಗೆ ಒರಗಿಸಿ, ಸುತ್ತ ನೋಡಿ, ಒಂದು ಸ್ಟೂಲು ಎಳೆದುಕೊಂಡು ಕೂತರು. ಅಕ್ಕನೂ ಏಣಿಯ ಕೆಳಮೆಟ್ಟಿಲ ಮೇಲೆ ಕೂತಳು. “ನಾನೂ ಇದನ್ನ ಯೋಚನೆ ಮಾಡಿದ್ದೆ, ಆದ್ರೆ ಬೇರೆ ದಾರಿಯಿಂದ” ಎಂದು ಅವರು ಶುರು ಮಾಡಿದರು. ಕೆಳಗೆ ಇಡೀ ತಂಡ ಅವರಿಗಾಗಿ ಕಾಯುತ್ತಿತ್ತು. ನಮ್ಮ ಸಮಿತಿಯ ಅಧ್ಯಕ್ಷರು ಎರಡು ಸಲ ಹೇಳಿ ಕಳಿಸಿದರು, ಮೂರನೇ ಸಲ ತಾವೇ ಬಂದರು. ಬಂದವರು ಏನೋ ಹೇಳಲು ಬಾಯಿ ತೆರೆದು, ಅಕ್ಕನ ಮಾತು ಅರ್ಧದಲ್ಲಿದ್ದುದರಿಂದ ಸುಮ್ಮನಾಗಿ, ಕಪಾಟಿಗೆ ಒರಗಿ ನಿಂತು ಕೇಳತೊಡಗಿದರು.